ಸಹಾಯ ಬೇಕು: ಮೀನೂಟಕ್ಕೆ ರಾಕಿ (ಟರ್ಕಿಯ ಸೋಂಪಿನ ಘಮದ ಮದ್ಯ) ಹೊಂದಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಇಸ್ತಾಂಬುಲ್‌ನ ಕಡಿಕೊಯ್‌ನಲ್ಲಿ. ಬರುವ ಶನಿವಾರ ಪಕ್ಕದ ಮನೆಯ ಟರ್ಕಿ ದಂಪತಿ ಸೇರಿ ಆರು ಜನ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಅವರ ಮನೆಯಲ್ಲಿ ಎರಡು ಸಲ ಹೊಟ್ಟೆ ತುಂಬಾ ಉಂಡಿದ್ದೇವೆ. ಈಗ ನಮ್ಮ ಸರದಿ, ಚೆನ್ನಾಗಿ ಆಗಲಿ ಅಂತ ತುಂಬಾ ಆಸೆ.

ಅವರು ಬಡಿಸುವ ರೀತಿ ನೋಡಿದ್ದೇನೆ. ಉದ್ದನೆಯ ಸಣ್ಣ ಲೋಟಕ್ಕೆ ಮೊದಲು ರಾಕಿ, ಆಮೇಲೆ ತಣ್ಣೀರು, ಐಸ್ ಬೇಕಿದ್ದರೆ ಕೊನೆಗೆ. ನೀರು ಬಿದ್ದ ಕೂಡಲೇ ಗಂಜಿತಿಳಿಯ ಹಾಗೆ ಬೆಳ್ಳಗಾಗುತ್ತದೆ, ಸೋಂಪಿನಂಥ ಘಮ ಮೇಲೇಳುತ್ತದೆ. ಅದಕ್ಕೇ ಇಲ್ಲಿ ಅದನ್ನು 'ಸಿಂಹದ ಹಾಲು' ಅಂತಾರೆ. ಜೊತೆಗೆ ಬಿಳಿ ಚೀಸ್, ಕರಬೂಜ, ಮೊಸರಿನ ಮೆಝೆ (ಊಟದ ಮೊದಲಿನ ಸಣ್ಣ ತಿನಿಸು). ನಂತರ ಕರಿದ ಕಲಮಾರ್, ಅಂದರೆ ಸ್ಕ್ವಿಡ್. ಸುಟ್ಟ ಮೀನು ಬರೋದು ಎಲ್ಲಕ್ಕಿಂತ ಕೊನೆಗೆ. ಯಾರಿಗೂ ಅವಸರವಿಲ್ಲ. ಮಾತೇ ಜಾಸ್ತಿ, ಗುಟುಕು ಕಡಿಮೆ. ನನಗೆ ತುಂಬಾ ಹಿಡಿಸಿದ್ದು ಅದೇ.

ಈಗ ನನ್ನ ಗೊಂದಲ. ಮೀನು ಲೆವ್ರೆಕ್ (ಸೀ ಬಾಸ್) ತರಲೋ, ಚಿಪುರಾ (ಸೀ ಬ್ರೀಮ್) ತರಲೋ? ದೊಡ್ಡದೊಂದನ್ನು ಸುಟ್ಟು ಮಧ್ಯದಲ್ಲಿಟ್ಟು ಹಂಚಿಕೊಂಡರೆ ಚೆಂದ ಅಲ್ವಾ? ಜೊತೆಗೆ ನಮ್ಮ ಮಂಗಳೂರಿನ ರವಾ ಫ್ರೈಯನ್ನೂ ಮಾಡುವ ಮನಸ್ಸಿದೆ. ಆದರೆ ಬ್ಯಾಡಗಿ ಮೆಣಸು, ಹುಣಸೆಹುಳಿ ಸೇರಿದರೆ ರಾಕಿಯ ಘಮ ಮುಚ್ಚಿಹೋಗುತ್ತದಾ? ಮಸಾಲೆ ಎಷ್ಟು ಇಳಿಸಬೇಕು?

ಕುಡಿಯುವವರು ನಾಲ್ಕೇ ಜನ. ರಾಕಿಯಲ್ಲಿ ಸಾಮಾನ್ಯವಾಗಿ ಶೇ. 45 ಆಲ್ಕೋಹಾಲ್ ಇರುತ್ತದೆ, ಹಾಗಾಗಿ 70 ಸೆಂಟಿಲೀಟರಿನ ಒಂದು ಬಾಟಲಿ ಸಾಕು ಅಂದುಕೊಂಡಿದ್ದೇನೆ. ಸರಿನಾ? ಕುಡಿಯದವರಿಗೆ ಶಲ್ಗಮ್ (ಕಪ್ಪು ಕ್ಯಾರೆಟ್, ಟರ್ನಿಪ್ ಗಡ್ಡೆ ಹುದುಗಿಸಿ ಮಾಡುವ ಪಾನೀಯ) ಇಡಬಹುದಾ? ಅದರ ಉಪ್ಪು-ಹುಳಿ ಮೀನಿಗೆ ಒಗ್ಗುತ್ತದೆ ಅಂತ ನನಗನಿಸುತ್ತದೆ.

ಟರ್ಕಿಯಲ್ಲಿ ಇದ್ದವರು, ಇಂಥ ಊಟ ಮಾಡಿಸಿದವರು ದಯವಿಟ್ಟು ತಿಳಿಸಿ. ಶುಕ್ರವಾರ ಸಂಜೆ ಮೀನು ಮಾರ್ಕೆಟ್ಟಿಗೆ ಹೋಗುತ್ತೇನೆ.