ಲಗ್ಗೆರೇಲಿ ಮಕ್ಕಳಿಗೆ, ಮನೆಯವ್ರಿಗೆ ಅಂತ ಒಂದು ಜಾಗ ಮಾಡಿದೀವಿ, ದೊಡ್ಡ ಹುಡುಗ್ರು ಒಳಗೇ ಬರ್ತಿಲ್ಲ

ಮೂರನೇಕ್ರಾಸ್:
ಎಲ್ರಿಗೂ ನಮಸ್ಕಾರ. ನಮ್ ಬೀದೀಲಿ ಪೀಣ್ಯ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ಅಮ್ಮಂದಿರೇ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಹೊರಟ್ರೆ ಮನೆ ಸೇರೋದು ಏಳೂವರೆ, ಮಕ್ಕಳು ನಾಲ್ಕಕ್ಕೆ ಸ್ಕೂಲಿಂದ ಬಂದು ಬ್ಯಾಗ್ ತಲೆದಿಂಬು ಮಾಡ್ಕೊಂಡು ಮೆಟ್ಲು ಮೇಲೆ ಬಿದ್ದಿರ್ತವೆ. ಇದನ್ನ ನೋಡೀ ನೋಡೀ ನಾವು ಆರು ಜನ ಸೇರ್ಕೊಂಡು, ಖಾಲಿ ಬಿದ್ದಿದ್ದ ಒಂದು ಗೋಡೌನ್ ಅರ್ಧ ಬಾಡಿಗೆಗೆ ಸಿಕ್ತು, ಸುಣ್ಣ ಹೊಡ್ಸಿ ಚಾಪೆ, ಕೇರಂ ಬೋರ್ಡು, ಒಂದು ಬೀರು ಪುಸ್ತಕ ಇಟ್ವಿ. ಚಿಕ್ಕವು ದಿನಾ ಇಪ್ಪತ್ತೈದು ಬರ್ತವೆ, ಗಲಾಟೆನೋ ಗಲಾಟೆ. ಆದ್ರೆ ಒಂಬತ್ತನೇ ಕ್ಲಾಸ್ ದಾಟಿದ ಹುಡುಗ್ರು ಎದುರುಗಡೆ ಬೇಕ್ರಿ ಹತ್ರ ನಿಂತು ನಮ್ಮನ್ನೇ ನೋಡ್ತಾರೆ, ಹೊಸ್ಲು ದಾಟಲ್ಲ. ಹುಡ್ಗೀರಂತೂ ಒಬ್ರೂ ಇಲ್ಲ. ಹೋಗ್ಲಿ ಅಪ್ಪ ಅಮ್ಮಂದಿರ ಹತ್ರನೇ ಮಾತಾಡೋಣ ಅಂತ ಭಾನ್ವಾರ ಬೆಳಿಗ್ಗೆ ಮೀಟಿಂಗ್ ಕರೆದ್ವಿ, ಶಾಮಿಯಾನದವ್ನ ಹತ್ರ 40 ಚೇರ್ ತಂದ್ವಿ, ಬಂದಿದ್ದು ಮೂರು ಜನ. ಅದ್ರಲ್ಲೂ ಒಬ್ರು 'ರೇಷನ್ ಕಾರ್ಡಲ್ಲಿ ಹೆಸ್ರು ಸೇರ್ಸೋದು ಇಲ್ಲೇನಾ' ಅಂತ ಕೇಳಕ್ಕೆ ಬಂದಿದ್ದು. ಎಲ್ಲಿ ತಪ್ತಿದೀವಿ?

ಹಳೇಗುಡ್ಡದಹಳ್ಳಿ_ಅಕ್ಕ:
ಆ ರೇಷನ್ ಕಾರ್ಡ್‌ನವ್ರನ್ನ ಏನ್ ಹೇಳಿ ಕಳ್ಸಿದ್ರಿ? ಇಲ್ಲ ಅಂದಿದ್ರೆ ಅಲ್ಲೇ ತಪ್ಪಾಗಿದ್ದು ಕಣ್ರಿ. ನಾವೂ ನಾಲ್ಕು ವರ್ಷದಿಂದ ಇಂಥದ್ದೇ ಒಂದು ನಡೆಸ್ತಿದೀವಿ, ನಮ್ಮಲ್ಲಿ ಮನೆಯವ್ರು ಬರಕ್ಕೆ ಶುರು ಮಾಡಿದ್ದೇ ಕಾಗದ ಪತ್ರಕ್ಕೆ. ಭಾನ್ವಾರ ಬೆಳಿಗ್ಗೆ ಅಂದ್ರೆ ಬಟ್ಟೆ ಒಗೆಯೋ ಹೊತ್ತು, ಆಗ ಯಾರ್ರೀ ಬರ್ತಾರೆ? ಬುಧವಾರ ರಾತ್ರಿ ಏಳೂವರೆಯಿಂದ ಒಂಬತ್ತು ಅಂತ ಇಟ್ವಿ, ಮಳೆ ಬರ್ಲಿ ಕರೆಂಟ್ ಹೋಗ್ಲಿ ಬಾಗ್ಲು ತೆಗ್ದೇ ಇರುತ್ತೆ. ಜಾಸ್ತಿ ಬರೋದು ಮಕ್ಕಳ ಸ್ಕಾಲರ್‌ಶಿಪ್ಪಿಗೆ. ಎಸ್‌ಎಸ್‌ಪಿ, ಅಂದ್ರೆ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು, ಆಧಾರ್ ಬ್ಯಾಂಕ್ ಅಕೌಂಟ್‌ಗೆ ಸೀಡ್, ಅಂದ್ರೆ ಜೋಡಣೆ ಆಗಿರ್ಬೇಕು, ಇಲ್ಲಾಂದ್ರೆ ಮಂಜೂರಾದ್ರೂ ದುಡ್ಡು ಬರಲ್ಲ. ಒಬ್ಬಮ್ಮ ಅಕ್ಕಿ ಕವರ್ ಒಳಗೆ ಎಲ್ಲಾ ಸುತ್ತಿ ತಂದಿದ್ರು, ಜೆರಾಕ್ಸಿನ ಜೆರಾಕ್ಸು, ಮಡಿಕೆ ಬಿದ್ದ ಕಡೆ ಅಕ್ಷರನೇ ಇಲ್ಲ. ಮಗಳ ಇನಿಷಿಯಲ್ಲು ಸ್ಕೂಲಲ್ಲಿ ಹೆಸ್ರಿನ ಹಿಂದೆ, ಆಧಾರಲ್ಲಿ ಮುಂದೆ, ಇಷ್ಟಕ್ಕೇ ಎರಡು ವರ್ಷದಿಂದ ಓಡಾಡ್ತಿದ್ರು. ಅದು ಸರಿಯಾದ್ಮೇಲೆ ಮುಂದಿನ ಬುಧವಾರ ಅವ್ರ ಹಿಂದೆ ಇನ್ನೂ ಐದು ಜನ. ನಾವು ಯಾವ ಮೀಟಿಂಗೂ ಕರೀಲಿಲ್ಲ.

ನಾಗರಬಾವಿ_ನೋಡುಗ:
ಇದೆಲ್ಲ ನಾವ್ಯಾಕ್ ಮಾಡ್ಬೇಕು ಹೇಳಿ. ಪ್ರಾಪರ್ಟಿ ಟ್ಯಾಕ್ಸ್ ಜೊತೆ ಶೇ. 6 ಲೈಬ್ರರಿ ಸೆಸ್ ಕಟ್ತಾನೇ ಇದೀವಿ, ಬೀದಿಗೊಂದು ಒಳ್ಳೇ ಲೈಬ್ರರಿ ಇರ್ಬೇಕಿತ್ತು ಇಷ್ಟೊತ್ತಿಗೆ. ಸುಮ್ನೆ ಟ್ಯೂಷನ್ ಶುರು ಮಾಡಿ, ತಿಂಗಳಿಗೆ 200 ತಗೊಳ್ಳಿ, ಬಾಡಿಗೆನಾದ್ರೂ ಹುಟ್ಟುತ್ತೆ.

ಬೇಕ್ರಿಮುಂದಿನವ್ನು:
ಅಣ್ಣ ಟ್ಯೂಷನ್ ಅಂದ್ರೆ ಆ ಹುಡುಗ್ರು ಬೇಕ್ರಿ ಬಿಟ್ಟು ಇನ್ನೂ ದೂರ ಹೋಗ್ತಾರೆ 😄 ನಾನೂ ಅದೇ ಥರ ನಿಂತಿದ್ದವ್ನು, ಹೆಸರಘಟ್ಟ ರೋಡ್ ಕಡೆ ಇಂಥದ್ದೇ ಒಂದು ಜಾಗದ ಎದುರು. ಎಸ್ಸೆಸ್ಸೆಲ್ಸೀಲಿ ಮ್ಯಾತ್ಸ್ ಹೋಗಿತ್ತು, ಒಳಗೆ ಹೋದ್ರೆ ಮೊದ್ಲು ಕೇಳೋದೇ 'ಮಾರ್ಕ್ಸ್ ಎಷ್ಟು', ಅದಕ್ಕೇ ಯಾರ್ ಹೋಗ್ತಾರೆ. ಮೇಲೆ ಬೋರ್ಡ್ ಬೇರೆ 'ಮಕ್ಕಳ ಕೇಂದ್ರ' ಅಂತ. ಹದಿನಾರು ವರ್ಷದವ್ನು ಅದರ ಕೆಳಗೆ ಹಾದು ಹೋಗೋದು ಫ್ರೆಂಡ್ಸ್ ಮುಂದೆ, ಯೋಚ್ನೆ ಮಾಡಿ ನೀವೇ. ನಾನು ಹೋಗಿದ್ದು ಒಂದಿನ ಅಲ್ಲಿದ್ದ ಅಣ್ಣ ಬೇಕ್ರಿಗೇ ಬಂದು ಟೀ ಕುಡೀತಾ 'ಟ್ಯೂಬ್‌ಲೈಟ್ ಚೋಕ್ ಹೋಗಿದೆ, ಹಾಕಕ್ಕೆ ಬರುತ್ತಾ' ಅಂದಿದ್ದಕ್ಕೆ. ಹಾಕ್ದೆ. ಆಮೇಲೆ ರಾತ್ರಿ ಬೀಗ ಹಾಕೋ ಕೆಲ್ಸ ನಂಗೇ ಕೊಟ್ರು, ಕೀ ನನ್ ಜೇಬಲ್ಲೇ. ಮ್ಯಾತ್ಸ್ ವಿಷ್ಯ ನಾನೇ ಎತ್ತಿದ್ದು ಎರಡು ತಿಂಗ್ಳಾದ್ಮೇಲೆ, ಫೇಲಾದವ್ರಿಗೆ ಮತ್ತೆ ಬರೆಯಕ್ಕೆ ಇರೋ ಎಕ್ಸಾಂ-2 ಬರ್ದು ಪಾಸಾದೆ, ಈಗ ಐಟಿಐ ಎಲೆಕ್ಟ್ರಿಷಿಯನ್. ನಮ್ಮಕ್ಕ ಯುವನಿಧಿಗೆ, ಅದೇ ಸರ್ಕಾರದ ನಿರುದ್ಯೋಗ ಭತ್ಯೆಗೆ, ಅರ್ಜಿ ಹಾಕಿದ್ದೂ ಅಲ್ಲೇ, ಡಿಗ್ರಿಯವ್ರಿಗೆ ತಿಂಗ್ಳಿಗೆ 3000, ಡಿಪ್ಲೊಮಾದವ್ರಿಗೆ 1500. ಚಾರ್ಜಿಂಗ್ ಪಾಯಿಂಟ್ ನಾಲ್ಕು ಜಾಸ್ತಿ ಹಾಕ್ಸಿ, ನಗ್ಬೇಡಿ, ನಿಜ ಹೇಳ್ತಿದೀನಿ.

ಸೌಭಾಗ್ಯ_ಬಾಯ್ಲರ್:
ಹುಡ್ಗೀರ ಬಗ್ಗೆ ಯಾರೂ ಹೇಳ್ಲಿಲ್ಲ, ನಾನ್ ಹೇಳ್ತೀನಿ. ಟಾಯ್ಲೆಟ್ ಇದ್ಯಾ, ಒಳಗಿಂದ ಚಿಲ್ಕ ಬೀಳುತ್ತಾ, ಓಣೀಲಿ ಬೀದಿ ದೀಪ ಉರಿಯುತ್ತಾ? ನಿಮ್ಮ ಆರು ಜನದಲ್ಲಿ ಹೆಂಗಸ್ರು ಎಷ್ಟು? ಕೇರಂ ಬೋರ್ಡ್ ಸುತ್ತ ಹುಡುಗ್ರೇ ನಿಂತಿದ್ರೆ ಯಾವ ತಾಯಿ ಕಳಿಸ್ತಾಳೆ. ಇನ್ನೊಂದು, ಬೇಜಾರ್ ಮಾಡ್ಕೋಬೇಡಿ, ಒಬ್ಬ ದೊಡ್ಡವ್ರು ಒಂದು ಮಗು ಬಾಗ್ಲು ಮುಚ್ಚಿದ ರೂಮಲ್ಲಿ ಇಬ್ರೇ ಯಾವತ್ತೂ ಇರ್ಬಾರ್ದು, ಎಷ್ಟೇ ನಂಬಿಕಸ್ಥರಾಗ್ಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೋ ಕಾಯ್ದೆ ಪ್ರಕಾರ, ಅಂಥದ್ದು ನಡೆದಿದೆ ಅಂತ ಗೊತ್ತಾದ್ಮೇಲೆ ದೂರು ಕೊಡದೆ ಮುಚ್ಚಿಟ್ರೆ ಅದೂ ಅಪರಾಧ. 1098 ಮಕ್ಕಳ ಸಹಾಯವಾಣಿ, ಮನಸ್ಸು ಸರಿಯಿಲ್ಲ ಅನ್ನೋರಿಗೆ 14416 ಟೆಲಿ ಮಾನಸ್, ಎರಡೂ ಫ್ರೀ, ಎರಡೂ 24 ಗಂಟೆ. ಗೋಡೆ ಮೇಲೆ ದೊಡ್ಡದಾಗಿ ಬರೆಸಿ, ಟಾಯ್ಲೆಟ್ ಬಾಗಿಲ ಒಳಗಡೆನೂ ಅಂಟಿಸಿ, ಅಲ್ಲಾದ್ರೆ ಯಾರೂ ನೋಡ್ತಿಲ್ಲ ಅಂತ ನಂಬರ್ ಬರ್ಕೋತಾರೆ.

ಹಳೇಗುಡ್ಡದಹಳ್ಳಿ_ಅಕ್ಕ:
ಸೌಭಾಗ್ಯ ಅವ್ರೇ, ಟಾಯ್ಲೆಟ್ ಬಾಗಿಲು ನಮ್ಗೂ ಹೊಳೆದಿರ್ಲಿಲ್ಲ, ನಾಳೆನೇ ಅಂಟಿಸ್ತೀನಿ. ಮೂರನೇಕ್ರಾಸ್ ಅವ್ರೇ, ಇನ್ನೊಬ್ರನ್ನ ಸೇರಿಸ್ಕೊಳಿ, ಸಂಘ ರಿಜಿಸ್ಟ್ರೇಷನ್‌ಗೆ ಕನಿಷ್ಠ 7 ಜನ ಬೇಕು. ಆ ಏಳನೆಯವ್ರು ಹೆಂಗಸಾಗಿರ್ಲಿ.

ಮೂರನೇಕ್ರಾಸ್:
ಆರು ಜನದಲ್ಲಿ ಹೆಂಗಸ್ರು ಸೊನ್ನೆ. ಟೈಪ್ ಮಾಡಕ್ಕೇ ನಾಚಿಕೆ ಆಗ್ತಿದೆ. ಚಿಲ್ಕ ಇತ್ತು, ಆದ್ರೆ ಬಾಗ್ಲು ಊದ್ಕೊಂಡು ಬೀಳ್ತಿರ್ಲಿಲ್ಲ, ಇವತ್ತು ಬಡಗಿ ಬಂದು ಉಜ್ಜಿ ಹೋದ್ರು. ರೇಷನ್ ಕಾರ್ಡ್‌ನವ್ರ ಮನೆಗೂ ಹೋಗಿದ್ದೆ, ಏಳನೆಯವ್ರು ನೀವೇ ಆಗ್ತೀರಾ ಅಂದೆ, 'ಮೊದ್ಲು ಕಾರ್ಡ್ ಮಾಡ್ಸಿ ನೋಡೋಣ' ಅಂದ್ರು. ಬುಧವಾರದಿಂದ ಶುರು. ಯಾರ ಹತ್ರನಾದ್ರೂ ಜೆರಾಕ್ಸ್ ಬರೋ ಹಳೇ ಪ್ರಿಂಟರ್ ಇದ್ರೆ ಮೆಸೇಜ್ ಮಾಡಿ, ಆಟೋದಲ್ಲಿ ಬಂದು ತಗೊಂಡ್ ಹೋಗ್ತೀನಿ.