ಮುಸುಕಿನ ಜೋಳದ ಕಡ್ಡಿಯನ್ನು ಬೇಲರ್‌ನಿಂದ ಕಟ್ಟಿಸಿದರೆ ಬೂಷ್ಟು ಹಿಡಿಯದಂತೆ ಉಳಿಸುವುದು ಹೇಗೆ?

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರೂವರೆ ಎಕರೆ ಕೆಂಪು ಮಣ್ಣಿನ ಹೊಲ. ಪ್ರತಿ ಮುಂಗಾರಿನಲ್ಲೂ ಮುಸುಕಿನ ಜೋಳ ಬಿತ್ತುತ್ತೇವೆ. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆ ಹಸುಗಳೂ ಎರಡು ಕರುಗಳೂ ಇವೆ. ಮೊದಲೆಲ್ಲ ತೆನೆ ಮುರಿದ ಮೇಲೆ ಕಡ್ಡಿಯನ್ನು ಕುಡುಗೋಲಿನಿಂದ ಕೊಯ್ದು, ಹೊರೆ ಕಟ್ಟಿ, ಹೊಲದಲ್ಲೇ ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಒಣಗಿಸುತ್ತಿದ್ದೆವು. ಈಗ ಕೂಲಿಯವರು ಸಿಗುವುದಿಲ್ಲವಾದ್ದರಿಂದ ಕಳೆದ ವರ್ಷ ಮೊದಲ ಬಾರಿಗೆ ಕಡ್ಡಿಯನ್ನು ಒತ್ತಿ ಪೆಂಡಿ ಕಟ್ಟುವ ಬೇಲರ್ ಯಂತ್ರವನ್ನು ಬಾಡಿಗೆಗೆ ಕರೆಸಿ, ದೀಪಾವಳಿ ಕಳೆದ ವಾರದಲ್ಲಿ ಪೆಂಡಿ ಕಟ್ಟಿಸಿದೆ. ಎಲೆಗಳು ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿದ್ದವು. ಆದ್ದರಿಂದ ನನಗೆ ಯಾವ ಅನುಮಾನವೂ ಬರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮೊದಲ ಪೆಂಡಿಯ ದಾರ ಕೊಯ್ದಾಗ ಒಳಗಿನಿಂದ ಹೊಗೆಯಂತೆ ಬೂದು ಪುಡಿ ಎದ್ದಿತು. ನಡುವಿನ ಕಡ್ಡಿಗಳು ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಹಸುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಅರ್ಧಕ್ಕಿಂತ ಹೆಚ್ಚು ಪೆಂಡಿಗಳನ್ನು ತಿಪ್ಪೆಗೆ ಹಾಕಬೇಕಾಯಿತು. 2023ರ ಬರದಲ್ಲಿ ಒಂದು ಹೊರೆ ರಾಗಿ ಹುಲ್ಲಿಗಾಗಿ ಊರೂರು ಅಲೆದವನಿಗೆ, ಸ್ವಂತ ಹೊಲದ ಮೇವನ್ನು ಹೀಗೆ ಕಳೆದುಕೊಂಡದ್ದು ಬಹಳ ಸಂಕಟ ತಂದಿತು. ಕಡ್ಡಿ ಕಟ್ಟಲು ಹದವಾಗಿದೆ ಎಂದು ತಿಳಿಯುವುದು ಹೇಗೆ? ನಾಲ್ಕು ಹಸುಗಳಿಗೆ ಬೇಸಿಗೆ ಕಳೆಯಲು ಎಷ್ಟು ಪೆಂಡಿ ಬೇಕು? ಹಸು ತಿನ್ನದೆ ಬಿಟ್ಟದ್ದನ್ನು ಕೊಟ್ಟಿಗೆಯಲ್ಲಿ ಹಾಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಶಿಡ್ಲಘಟ್ಟದಿಂದ

ಅಣ್ಣ, ನಿಮ್ಮನ್ನು ಮೋಸಗೊಳಿಸಿದ್ದು ಎಲೆ. ಮುಸುಕಿನ ಜೋಳದಲ್ಲಿ ಎಲೆ ಮತ್ತು ರವದಿ (ತೆನೆಯ ಮೇಲಿನ ಸಿಪ್ಪೆ) ಮೂರು ನಾಲ್ಕು ದಿನಗಳ ಬಿಸಿಲಿಗೆ ಒಣಗಿಬಿಡುತ್ತವೆ, ಆದರೆ ಕಡ್ಡಿಯ ಒಳಗಿನ ಬೆಂಡು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ನಾನು ಐದು ವರ್ಷಗಳಿಂದ ಟ್ರ್ಯಾಕ್ಟರಿಗೆ ಬೇಲರ್ ಹೂಡಿ ಬಾಡಿಗೆಗೆ ಹೋಗುತ್ತಿದ್ದೇನೆ. ಹೊಲಕ್ಕೆ ಕಾಲಿಟ್ಟ ಕೂಡಲೇ ನಾಲ್ಕೈದು ಕಡೆ ಬುಡದಿಂದ ಎರಡನೆಯ ಗೆಣ್ಣಿನ ಮೇಲೆ ಕಡ್ಡಿಯನ್ನು ಮುರಿದು, ಎರಡೂ ಕೈಗಳಿಂದ ಬಟ್ಟೆ ಹಿಂಡುವಂತೆ ತಿರುಚುತ್ತೇನೆ. ಬೆರಳಿಗೆ ತಣ್ಣಗೆ ಅಂಟಿದರೆ, ಅಥವಾ ಕಡ್ಡಿ ಮುರಿಯದೆ ನಾರಿನಂತೆ ಬಾಗಿದರೆ, ಯಂತ್ರ ಇಳಿಸುವುದೇ ಇಲ್ಲ. ಚಟ್ಟನೆ ಮುರಿದು, ಬೆಂಡು ಹತ್ತಿಯಂತೆ ಬಿಳಿಯಾಗಿ ಹಗುರವಾಗಿದ್ದರೆ ಮಾತ್ರ ಕಟ್ಟುತ್ತೇನೆ. ತೇವಾಂಶ ಶೇಕಡಾ 20ಕ್ಕಿಂತ ಕೆಳಗಿರಬೇಕು. ಬಿಗಿಯಾಗಿ ಕಟ್ಟುವ ಚೌಕ ಪೆಂಡಿಯಾದರೆ 15ರ ಸುಮಾರಿಗೆ ಇಳಿದಿದ್ದರೆ ಒಳ್ಳೆಯದು.

ನಮ್ಮ ಸೀಮೆಯಲ್ಲಿ ಜೂನ್, ಜುಲೈನಲ್ಲಿ ಬಿತ್ತಿದ ಜೋಳ ಅಕ್ಟೋಬರ್, ನವೆಂಬರಿನಲ್ಲಿ ಕಟಾವಿಗೆ ಬರುತ್ತದೆ. ಹಿಂಗಾರು ಮಳೆಯೂ ಬಂಗಾಳ ಕೊಲ್ಲಿಯ ಚಂಡಮಾರುತದ ಮೋಡವೂ ಬರುವುದು ಅದೇ ಹೊತ್ತಿಗೆ. ಆದ್ದರಿಂದ ತೆನೆ ಮುರಿದ ಮೇಲೆ ಕಡ್ಡಿಯನ್ನು ಕೂಡಲೇ ಕೆಡವಬೇಡಿ. ನಿಂತ ಕಡ್ಡಿಗೆ ಗಾಳಿ ಆಡುತ್ತದೆ, ಮಳೆ ಬಂದರೂ ನೀರು ಜಾರಿ ಹೋಗುತ್ತದೆ; ನೆಲಕ್ಕೆ ಬಿದ್ದ ಕಡ್ಡಿಯಾದರೆ ಕೆಳಗಿನಿಂದ ತೇವ ಹೀರುತ್ತದೆ. ಮೋಡ ಸರಿದು, ನಾಲ್ಕು ದಿನ ಬಿಸಿಲಿರುತ್ತದೆ ಎಂಬ ಮುನ್ಸೂಚನೆ ಬಂದಾಗ ಕಡ್ಡಿಯನ್ನು ಸೀಳಿ ಹಾಕುವ ಮಲ್ಚರ್ ಓಡಿಸಬೇಕು. ಸೀಳಿದ ಕಡ್ಡಿ ಇಡೀ ಕಡ್ಡಿಗಿಂತ ಬೇಗ ಒಣಗುತ್ತದೆ, ಬೇಲರ್‌ನಲ್ಲಿ ಸಿಕ್ಕಿಕೊಳ್ಳುವುದೂ ಕಡಿಮೆ. ಆಮೇಲೆ ರೇಕ್‌ನಿಂದ ಸಾಲು ಕೂಡಿಸುವಾಗ ಅದರ ಹಲ್ಲು ನೆಲ ಕೆರೆಯದಂತೆ ಎತ್ತರಿಸಿಕೊಳ್ಳಬೇಕು. ಇದನ್ನು ಚಾಲಕನ ಪಕ್ಕದಲ್ಲೇ ನಿಂತು ಹೇಳಿ ಮಾಡಿಸಿ, ಏಕೆಂದರೆ ನಮ್ಮ ಕೆಂಪು ಮಣ್ಣು ಪೆಂಡಿಯೊಳಗೆ ಸೇರಿತೆಂದರೆ ತೂಕ ಹೆಚ್ಚುತ್ತದೆಯೇ ಹೊರತು ಮೇವು ಹೆಚ್ಚುವುದಿಲ್ಲ. ಬೆಳಗಿನ ಇಬ್ಬನಿ ಆರುವ ಮುನ್ನ ಕಟ್ಟಿಸಲೂ ಬೇಡಿ.

ಲೆಕ್ಕ ಹೀಗಿದೆ. ಮುಸುಕಿನ ಜೋಳದಲ್ಲಿ ಕಾಳಿನ ತೂಕಕ್ಕೆ ಹೆಚ್ಚು ಕಡಿಮೆ ಸಮನಾದ ಒಣ ಕಡ್ಡಿ ಸಿಗುತ್ತದೆ. ಎಕರೆಗೆ 20 ಕ್ವಿಂಟಾಲ್ ಕಾಳು ಬಂದರೆ ಕಡ್ಡಿಯೂ 2 ಟನ್ ಇರುತ್ತದೆ. ಬುಡ ಬಿಟ್ಟು, ಚೂರು ಉದುರಿ ಯಂತ್ರಕ್ಕೆ ಸಿಗುವುದು ಅದರ ಅರ್ಧ ಎಂದು ಹಿಡಿಯಿರಿ. ಪೆಂಡಿಗೆ 20 ಕಿಲೋ ಎಂದರೆ ಎಕರೆಗೆ 50 ಪೆಂಡಿ. ಒಂದು ಹಸುವಿಗೆ ದಿನಕ್ಕೆ 5 ಕಿಲೋ ಒಣ ಮೇವಿನಂತೆ ನಾಲ್ಕು ಹಸುಗಳಿಗೆ 20 ಕಿಲೋ, ಅಂದರೆ ದಿನಕ್ಕೊಂದು ಪೆಂಡಿ. ನಿಮ್ಮ ಮೂರೂವರೆ ಎಕರೆಯ ಕಡ್ಡಿ ಕೆಡದೆ ಉಳಿದರೆ ಸುಮಾರು ಆರು ತಿಂಗಳು ನಡೆಯುತ್ತದೆ.

ಉತ್ತರ 2: ಕೊರಟಗೆರೆಯಿಂದ

ಪೆಂಡಿ ಕಟ್ಟಿದ ದಿನವೇ ಒತ್ತೊತ್ತಾಗಿ ಅಟ್ಟಿ ಕಟ್ಟುವುದು ನಮ್ಮಲ್ಲಿ ಬಹಳ ಮಂದಿ ಮಾಡುವ ತಪ್ಪು. ನಾವು ಎರಡು ವಾರ ಪೆಂಡಿಗಳ ನಡುವೆ ಗೇಣು ಜಾಗ ಬಿಟ್ಟು ಇಡುತ್ತೇವೆ. ದಿನಕ್ಕೊಮ್ಮೆ ಒಂದು ಕಬ್ಬಿಣದ ಸಲಾಕೆಯನ್ನು ಪೆಂಡಿಯ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ತುದಿಯನ್ನು ಮುಟ್ಟಿ ನೋಡುತ್ತೇನೆ. ಕೈಗೆ ಹಿತವಾದ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿಯಲಾಗದಷ್ಟು ಕಾದಿದ್ದರೆ ಆ ಪೆಂಡಿಯನ್ನು ಅಟ್ಟಿಯಿಂದ ದೂರ ಒಯ್ದು ಬಿಚ್ಚಿ ಹರಡುತ್ತೇವೆ. ಹಸಿ ಮೇವು ಒಳಗೇ ಕಾದು ತಾನಾಗಿ ಬೆಂಕಿ ಹತ್ತಿಕೊಳ್ಳುವುದೂ ಉಂಟು, ಆದ್ದರಿಂದ ಅಟ್ಟಿ ಕೊಟ್ಟಿಗೆಗೆ ಅಂಟಿಕೊಂಡಿರಬಾರದು. ಅಡಿಯಲ್ಲಿ ಕಲ್ಲಿನ ಮೇಲೆ ತೆಂಗಿನ ಸೋಗೆ ಅಥವಾ ಹಳೆಯ ಮರದ ಹಲಗೆ ಹಾಕಿ, ಮೇಲೆ ಟಾರ್ಪಾಲು ಮುಚ್ಚಿ, ಪಕ್ಕಗಳನ್ನು ಗಾಳಿಗೆ ಬಿಡಿ. ಸುತ್ತಲೂ ಪ್ಲಾಸ್ಟಿಕ್ಕಿನಿಂದ ಬಿಗಿದರೆ ಒಳಗೆ ಬೆವರುತ್ತದೆ.

ತಿನ್ನಿಸುವ ವಿಷಯದಲ್ಲಿ ಹೇಳುವುದಾದರೆ, ಹಸುವಿಗೆ ರುಚಿಸುವುದು ಎಲೆ ಮತ್ತು ರವದಿ. ದಪ್ಪ ಕಡ್ಡಿಯನ್ನು ಗೋದಲಿಯಲ್ಲಿ ಬಿಡುತ್ತದೆ. ಮೇವು ಕತ್ತರಿಸುವ ಯಂತ್ರದಲ್ಲಿ ಅಂಗುಲದಷ್ಟು ತುಂಡು ಮಾಡಿ, ಸ್ವಲ್ಪ ನೀರು ಚಿಮುಕಿಸಿ, ಹಿಂಡಿ ಬೂಸಾ ಕಲಸಿದರೆ ಪೋಲಾಗುವುದು ಬಹಳ ಕಡಿಮೆ. ಆದರೂ ಗೋದಲಿಯಲ್ಲಿ ಉಳಿಯುವ ಗಟ್ಟಿ ತುಂಡುಗಳೇ ನಮ್ಮ ಹಾಸು. ಒಣ ಕಡ್ಡಿಯ ಬೆಂಡು ತನ್ನ ತೂಕದ ಎರಡರಷ್ಟಾದರೂ ಗಂಜಲ ಹೀರುತ್ತದೆ, ಆದರೆ ತುಂಡು ಮಾಡದ ಕಡ್ಡಿ ಹೀರುವುದಿಲ್ಲ, ಹಸುವಿನ ಕೆಚ್ಚಲಿಗೂ ಚುಚ್ಚುತ್ತದೆ. ನಾವು ಸಿಮೆಂಟಿನ ನೆಲದ ಮೇಲೆ ನಾಲ್ಕು ಅಂಗುಲ ಹಾಸಿ, ಒದ್ದೆಯಾದಷ್ಟನ್ನು ದಿನವೂ ಬೆಳಿಗ್ಗೆ ಎಳೆದು ತಿಪ್ಪೆಗೆ ಹಾಕುತ್ತೇವೆ. ಗಂಜಲ ಕುಡಿದ ಆ ತುಂಡುಗಳು ಬರೀ ಕಡ್ಡಿಗಿಂತ ಬೇಗ ಗೊಬ್ಬರವಾಗುತ್ತವೆ.

ಉತ್ತರ 3: ಕೋಲಾರದಿಂದ, ನಿವೃತ್ತ ಪಶುವೈದ್ಯ

ಮೇಲಿನ ಎರಡೂ ಉತ್ತರಗಳು ಸರಿಯಾಗಿವೆ. ನಾನು ಎಚ್ಚರಿಕೆಯ ಕೆಲವು ಮಾತುಗಳನ್ನಷ್ಟೇ ಸೇರಿಸುತ್ತೇನೆ.

ಬೂಷ್ಟು ಹಿಡಿದ ಮೇವನ್ನು ಬಿಸಿಲಿಗೆ ಹಾಕಿ ಕೊಡವಿ ತಿನ್ನಿಸಬಾರದು. ಕೆಲವು ಬೂಷ್ಟುಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷವು ಬಿಸಿಲಿಗೆ ಸಂಪೂರ್ಣವಾಗಿ ನಾಶವಾಗುವುದಿಲ್ಲ. ಹಸು ತಿಂದದ್ದರಲ್ಲಿ ಒಂದಂಶ ರೂಪ ಬದಲಿಸಿ ಹಾಲಿಗೂ ಬರುತ್ತದೆ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಮಾನದಂಡ ಹೇಳುತ್ತದೆ. ಅಂಥ ಕಡ್ಡಿಯನ್ನು ಹಾಸಲೂಬಾರದು, ಏಕೆಂದರೆ ಹಸು ಹಾಸನ್ನೂ ಮೇಯುತ್ತದೆ, ಅದರ ಪುಡಿಯನ್ನು ಉಸಿರಾಡುತ್ತದೆ. ನೀವು ತಿಪ್ಪೆಗೆ ಹಾಕಿದ್ದು ನಷ್ಟವೆನಿಸಿದರೂ ಸರಿಯಾದ ಕೆಲಸ.

ಬರದಲ್ಲಿ ಒಣಗಿದ ಜೋಳದ ವಿಷಯ ಬೇರೆ. ಯೂರಿಯಾ ಹೆಚ್ಚು ಕೊಟ್ಟು, ಮಳೆ ಕೈಕೊಟ್ಟು ಬೆಳೆ ಬಾಡಿದರೆ ದನಗಳಿಗೆ ವಿಷವಾಗುವ ನೈಟ್ರೇಟ್ ಕಡ್ಡಿಯ ಕೆಳಭಾಗದಲ್ಲಿ ಸೇರಿಕೊಳ್ಳುತ್ತದೆ, ಒಣಗಿಸಿದರೂ ಹೋಗುವುದಿಲ್ಲ. ಬುಡದಿಂದ ಒಂದಡಿ ಬಿಟ್ಟು ಕೊಯ್ಯುವುದು ಇದಕ್ಕೇ. ಮೇವು ತಿಂದ ಕೆಲವೇ ಗಂಟೆಗಳಲ್ಲಿ ಹಸು ಏದುಸಿರು ಬಿಟ್ಟು ತೂರಾಡಿದರೆ, ಒಸಡು ಕಂದು ಬಣ್ಣಕ್ಕೆ ತಿರುಗಿದರೆ, ಆ ಮೇವನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕರೆಸಿ. ಸಕಾಲಕ್ಕೆ ವೈದ್ಯರು ಮೆಥಿಲೀನ್ ಬ್ಲೂ ಎಂಬ ಮದ್ದು ಕೊಟ್ಟರೆ ಬದುಕಬಹುದು. ಸೈನಿಕ ಹುಳುವಿಗೆ ಔಷಧಿ ಹೊಡೆದಿದ್ದರೆ ಡಬ್ಬಿಯ ಮೇಲಿನ ಕಾಯುವ ಅವಧಿ ಮುಗಿದ ಮೇಲೆಯೇ ಕಡ್ಡಿಯನ್ನು ಮೇವಿಗೆ ಬಳಸಿ.

ಒಣ ಕಡ್ಡಿಯಲ್ಲಿ ಪ್ರೋಟೀನು ಕಡಿಮೆ. 100 ಕಿಲೋ ತುಂಡು ಕಡ್ಡಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದು ಮೃದುವಾಗುತ್ತದೆ, ಸತ್ವವೂ ಹೆಚ್ಚುತ್ತದೆ. ತಿನ್ನಿಸುವ ಮುನ್ನ ಒಂದು ಹೊತ್ತು ಹರಡಿ ಘಾಟು ಹೋಗಲು ಬಿಡಿ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಲೇಬಾರದು, ಮತ್ತು ಯೂರಿಯಾ ಕರಗಿಸಿದ ಬಕೆಟ್ಟು ದನಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಮೊದಲ ಸಲ ಮಾಡುವಾಗ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಕೊಂಡರೆ ಒಳಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಈ ಸಲ ತೆನೆ ಮುರಿದಾಗಿದೆ, ಕಡ್ಡಿ ನಿಂತಿದೆ. ಇವತ್ತು ಐದು ಕಡೆ ತಿರುಚಿ ನೋಡಿದೆ. ನಾಲ್ಕರಲ್ಲಿ ಬೆರಳು ಒದ್ದೆಯಾಯಿತು. ಹೊಲದಲ್ಲಿ ಏನನ್ನೂ ಉಳಿಸದೆ ಎಲ್ಲ ಕಡ್ಡಿಯನ್ನೂ ಹೊತ್ತು ತಂದರೆ ಮಣ್ಣು ಬಡವಾಗುವುದಿಲ್ಲವೇ ಎಂಬ ಒಂದು ಸಂದೇಹ ಉಳಿದಿದೆ.

ಉತ್ತರ 1: ಶಿಡ್ಲಘಟ್ಟದಿಂದ

ಆಗುತ್ತದೆ ಅಣ್ಣ. ಬೆಳೆ ಹೀರಿದ ರಂಜಕದ ಹೆಚ್ಚು ಪಾಲು ಕಾಳಿನೊಂದಿಗೆ ಮಂಡಿಗೆ ಹೋಗುತ್ತದೆ, ಪೊಟ್ಯಾಷಿನ ಹೆಚ್ಚು ಪಾಲು ಕಡ್ಡಿಯಲ್ಲೇ ಇರುತ್ತದೆ; ಕಡ್ಡಿಯನ್ನೂ ಹೊತ್ತು ತಂದರೆ ಅದೂ ಹೊಲ ಬಿಟ್ಟು ಹೋಗುತ್ತದೆ. ಒಂದಡಿ ಬುಡವನ್ನು ಹೊಲದಲ್ಲೇ ಬಿಡಿ, ಕೊಟ್ಟಿಗೆಯ ಹಾಸಿನ ಗೊಬ್ಬರವನ್ನು ಅದೇ ಹೊಲಕ್ಕೆ ಮರಳಿ ಹಾಕಿ. ಇಳಿಜಾರಿನ ಕಡೆಯ ಅರ್ಧ ಎಕರೆಯನ್ನು ಕಟ್ಟಿಸದೆ ಬಿಟ್ಟರೆ ಮಣ್ಣು ಕೊಚ್ಚಿ ಹೋಗುವುದೂ ಕಡಿಮೆಯಾಗುತ್ತದೆ. ಮೂರು ಎಕರೆಯ 150 ಪೆಂಡಿ ನಿಮ್ಮ ಹಸುಗಳಿಗೆ ಜನವರಿಯಿಂದ ಮೇ ಕೊನೆಯವರೆಗೆ ಸಾಕಾಗುತ್ತದೆ. ಹತ್ತು ದಿನ ಬಿಟ್ಟು ಮತ್ತೆ ಕಡ್ಡಿ ತಿರುಚಿ ನೋಡಿ, ಬೇಲರ್‌ನವರಿಗೆ ಆಮೇಲೆ ಫೋನ್ ಮಾಡಿ.