ಗಾಳದ ಕೊಕ್ಕೆ ಮೈಗೆ ನೆಟ್ಟರೆ: ಡಾಕ್ಟರನ್ನು ಕೇಳಿ

ಮೈಸೂರು–ಮಂಡ್ಯ ಗಾಳದವರ ಗುಂಪಿನ ಈ ವಾರದ ಪ್ರಶ್ನೋತ್ತರ. ಗಾಯದ ಪ್ರಶ್ನೆಗಳಿಗೆ ತುರ್ತು ಚಿಕಿತ್ಸೆಯ ಡಾಕ್ಟರು, ಕೊಕ್ಕೆ ಮತ್ತು ಎಸೆತದ ಪ್ರಶ್ನೆಗಳಿಗೆ ಫ್ಲೈ ಫಿಶಿಂಗ್ (ಗರಿ, ನೂಲು ಸುತ್ತಿದ ಹುಳುವಿನಂಥ ಕೊಕ್ಕೆ, ಅಂದರೆ ‘ಫ್ಲೈ’, ಎಸೆದು ಮೀನು ಹಿಡಿಯುವುದು) ಹೇಳಿಕೊಡುವ ಮೇಷ್ಟ್ರು ಉತ್ತರಿಸುತ್ತಾರೆ.

ಪ್ರಶ್ನೆ, ಶ್ರೀರಂಗಪಟ್ಟಣ: ಡಾಕ್ಟ್ರೇ, ಫ್ಲೈ ಎಸೆಯುವಾಗ ಕೊಕ್ಕೆ ಮುಂಗೈಗೋ ಬೆರಳಿಗೋ ನೆಟ್ಕೊಂಡ್ರೆ ಹೊಳೆ ದಡದಲ್ಲೇ ತೆಗೀಬೋದಾ? ಒಬ್ಬರು ಮುಂದಕ್ಕೆ ತಳ್ಳು ಅಂತಾರೆ, ಇನ್ನೊಬ್ಬರು ಹಿಂದಕ್ಕೆ ಎಳಿ ಅಂತಾರೆ.

ಡಾಕ್ಟರ್: ಕೊಕ್ಕೆಗೆ ಮುಳ್ಳು (ಮೊನೆಯ ಹಿಂದೆ ಹಿಮ್ಮುಖವಾಗಿ ಚಾಚಿರುವ ಚೂಪು) ಇಲ್ಲದಿದ್ದರೆ ಅಥವಾ ಮುಳ್ಳು ಚರ್ಮದ ಹೊರಗೇ ಉಳಿದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ, ಅಷ್ಟೇ. ಮುಳ್ಳು ಒಳಗೆ ಹೋಗಿದ್ದರೆ ಸುಮ್ಮನೆ ಎಳೆಯಬೇಡಿ. ಎಳೆದಷ್ಟೂ ಅದು ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ.

ಒಂಟಿ ಕೊಕ್ಕೆ, ಮೇಲ್ಮೇಲೆ ನೆಟ್ಟಿದೆ, ಜಾಗ ಮುಂಗೈಯೋ ತೊಡೆಯೋ ಅಂದರೆ ದಾರದ ವಿಧಾನ ಸರಿ. ಮೊದಲು ಉಂಗುರ ಬಿಚ್ಚಿ, ಬೆರಳು ಊದಿದ ಮೇಲೆ ಬರುವುದಿಲ್ಲ. ಲೈನ್ ಕತ್ತರಿಸಿ ಫ್ಲೈಯನ್ನು ಬಿಡಿಸಿಕೊಳ್ಳಿ. ಕೈಯನ್ನು ಬಂಡೆಯ ಮೇಲೆ ಅಲುಗಾಡದಂತೆ ಇಡಿ. ಸುಮಾರು ಎರಡು ಅಡಿ ಗಟ್ಟಿ ದಾರವನ್ನು ಮಡಿಸಿ ಕೊಕ್ಕೆಯ ಬಾಗಿಗೆ ಹಾಕಿ, ಎರಡೂ ತುದಿಗಳನ್ನು ಎಳೆಯುವವರ ಮುಷ್ಟಿಗೆ ಸುತ್ತಿ. ತೆಳ್ಳನೆಯ ಟಿಪ್ಪೆಟ್ (ಲೈನಿನ ಕೊನೆಯಲ್ಲಿ ಫ್ಲೈ ಕಟ್ಟುವ ಎಳೆ) ಬೇಡ, ಅದು ಎಳೆತಕ್ಕೆ ಪಟ್ಟಂತ ಹರಿಯುತ್ತದೆ. ಇನ್ನೊಂದು ಕೈಯ ಬೆರಳಿನಿಂದ ಲೈನ್ ಕಟ್ಟುವ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿಯಿರಿ. ಇಡೀ ಕೆಲಸದ ಗುಟ್ಟು ಇರುವುದು ಈ ಒತ್ತುವುದರಲ್ಲಿ: ತುದಿ ಕೆಳಗೆ ಹೋದಾಗ ಮುಳ್ಳು ಮಾಂಸದಿಂದ ಬಿಡಿಸಿಕೊಳ್ಳುತ್ತದೆ. ಒತ್ತಿದ್ದನ್ನು ಬಿಡದೆ, ಬಾಗಿನ ಕಡೆಗೆ, ಚರ್ಮಕ್ಕೆ ಸಮಾನಾಂತರವಾಗಿ ಒಂದೇ ಸಲ ಜಗ್ಗಿ. ಮೇಲಕ್ಕೆ ಎಳೆದರೆ ಅಥವಾ ಅಂಜಿಕೊಂಡು ನಿಧಾನವಾಗಿ ಎಳೆದರೆ ಚರ್ಮ ಹರಿಯುತ್ತದೆ, ಕೊಕ್ಕೆ ಅಲ್ಲೇ ಇರುತ್ತದೆ. ಎಳೆಯುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು, ಕೊಕ್ಕೆ ಹಾರಿಬರುತ್ತದೆ. ಇಬ್ಬರೂ ಕನ್ನಡಕ ಹಾಕಿರಿ. ಒಂದು ಸಲಕ್ಕೆ ಬರದಿದ್ದರೆ ಮತ್ತೆ ಮತ್ತೆ ಜಗ್ಗದೆ ಆಸ್ಪತ್ರೆಗೆ ಹೊರಡಿ.

ಮುಂದಕ್ಕೆ ತಳ್ಳಿ, ಮೊನೆ ಹೊರಗೆ ಬಂದ ಮೇಲೆ ಮುಳ್ಳು ಕತ್ತರಿಸಿ ಹಿಂದಕ್ಕೆ ತೆಗೆಯುವುದು ಒಳ್ಳೆಯ ವಿಧಾನವೇ, ಆದರೆ ಅದು ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸಿದ ಮೇಲೆ ನಾವು ಮಾಡುವ ಕೆಲಸ. ಬೆರಳಿನಲ್ಲಿ ನರ, ಸ್ನಾಯುರಜ್ಜು ಎಲ್ಲ ಚರ್ಮದಡಿಯೇ ಇರುತ್ತವೆ. ದಡದಲ್ಲಿ ಕುರುಡಾಗಿ ತಳ್ಳಬೇಡಿ. ಊರಿನ ಸಣ್ಣ ಕ್ಲಿನಿಕ್‌ಗೆ ಹೋಗುವುದಾದರೆ ನಿಮ್ಮ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್ ಜೊತೆಗಿರಲಿ, ಅಲ್ಲಿ ಇರುತ್ತದೆ ಅನ್ನುವ ಭರವಸೆ ಇಲ್ಲ. ಡಬ್ಬಿಯಲ್ಲಿ ಅದೇ ಅಳತೆಯ ಇನ್ನೊಂದು ಕೊಕ್ಕೆ ಇದ್ದರೆ ಅದನ್ನೂ ತನ್ನಿ. ಮುಳ್ಳು ಯಾವ ಕಡೆ, ಎಷ್ಟು ದೊಡ್ಡದು ಎಂದು ನೋಡಿದರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ಪ್ರಶ್ನೆ, ಅವರೇ: ಯಾವ ಜಾಗ ಮುಟ್ಟಲೇಬಾರದು?

ಡಾಕ್ಟರ್: ಕತ್ತು, ಕೀಲುಗಳ ಹತ್ತಿರ, ಮಣಿಕಟ್ಟಿನ ಒಳಭಾಗ, ಗುಪ್ತಾಂಗ. ಬೆರಳ ತುದಿ ಜೋಮು ಹಿಡಿದಿದ್ದರೆ ಅಥವಾ ಬೆರಳು ಮಡಿಸಲು ಆಗದಿದ್ದರೆ ಕೂಡ ಬೇಡ. ಕಿವಿಯ ಹಾಲೆ ಅಲ್ಲಾಡುವುದರಿಂದ ಅಲ್ಲಿ ದಾರದ ವಿಧಾನ ನಡೆಯದು. ಮೂರು ಮೊನೆಯ ಕೊಕ್ಕೆಯಾದರೆ ಉಳಿದೆರಡಕ್ಕೆ ಟೇಪ್ ಸುತ್ತಿ, ಇಲ್ಲವಾದರೆ ಸಹಾಯಕ್ಕೆ ಬಂದವರ ಕೈಗೂ ಒಂದು ನೆಡುತ್ತದೆ.

ಪ್ರಶ್ನೆ, ಪಾಂಡವಪುರ: ಕಣ್ಣಿಗೆ ಬಿದ್ರೆ ಸರ್?

ಡಾಕ್ಟರ್: ತೆಗೆಯಬೇಡಿ, ತೊಳೆಯಬೇಡಿ, ಒತ್ತಬೇಡಿ. ಲೈನ್ ಮಾತ್ರ ಕತ್ತರಿಸಿ. ಕಾಗದದ ಲೋಟವನ್ನು ಹುಬ್ಬಿನ ಮೂಳೆ, ಕೆನ್ನೆಯ ಮೂಳೆಗಳ ಮೇಲೆ ಕೂರುವಂತೆ ಮುಚ್ಚಿ ಟೇಪ್ ಹಾಕಿ. ಕೊಕ್ಕೆಗೆ ಲೋಟ ತಾಗಬಾರದು. ಹತ್ತಿ ಇಟ್ಟು ಕಟ್ಟಿದರೆ ಒತ್ತಡಕ್ಕೆ ಕಣ್ಣಿನ ಒಳಗಿನದು ಹೊರಗೆ ಬರಬಹುದು. ಆಪರೇಷನ್ ಬೇಕಾಗಬಹುದು, ಹಾಗಾಗಿ ತಿನ್ನಲು ಕುಡಿಯಲು ಏನೂ ಕೊಡದೆ ನೇರ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೊರಡಿ. ರೆಪ್ಪೆಗೆ ನೆಟ್ಟಿದ್ದರೂ ಇದೇ ನಿಯಮ, ರೆಪ್ಪೆಯ ಹಿಂದೆ ಕಣ್ಣುಗುಡ್ಡೆ ಇರುತ್ತದಲ್ಲ.

ಪ್ರಶ್ನೆ, ಮೈಸೂರು: ಕೊಕ್ಕೆ ಬಂತು ಅಂತಿಟ್ಕೊಳ್ಳಿ. ಆಮೇಲೆ? ನಮ್ಮ ಕಡೆ ಅರಿಶಿನ, ಕಾಫಿಪುಡಿ ಒತ್ತುತ್ತಾರೆ.

ಡಾಕ್ಟರ್: ಎರಡೂ ಅಡುಗೆಮನೆಯಲ್ಲೇ ಇರಲಿ. ಕುಡಿಯುವ ನೀರು, ಸೋಪಿನಿಂದ 5 ನಿಮಿಷ ತೊಳೆಯಿರಿ. ಹೊಳೆ ನೀರಲ್ಲಿ ಅಲ್ಲ. ರಕ್ತ ಬಂದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತೆಗೆದ ಕೊಕ್ಕೆಯನ್ನು ಎಸೆಯುವ ಮುಂಚೆ ಮೊನೆ ಪೂರ್ತಿ ಇದೆಯಾ ನೋಡಿ, ಮುರಿದಿದ್ದರೆ ಎಕ್ಸ್‌ರೇ ಬೇಕು. ಫ್ಲೈಯ ಗರಿ, ನೂಲಿನ ಎಳೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆ ತೂತಿನಲ್ಲಿ ಅವು ಉಳಿದರೆ ಕೀವಾಗುತ್ತದೆ. ಹೊಲಿಗೆ ಬೇಡ, ತೂತು ತೆರೆದೇ ಇರಲಿ.

ಧನುರ್ವಾಯು ತಡೆಯುವ ಟಿಟಿ ಚುಚ್ಚುಮದ್ದಿನ ಬದಲು ಈಗ ಟಿಡಿ ಕೊಡುತ್ತಾರೆ. ಇಂಥ ಕೊಳಕು ಗಾಯಕ್ಕೆ, ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೆ ಹಾಕಿಸಿ. ಮೊದಲಿನ ಮೂರು ಡೋಸ್ ಆಗಿದೆಯೋ ಇಲ್ಲವೋ ಗೊತ್ತಿಲ್ಲದವರು ಅದನ್ನು ಹೇಳಲೇಬೇಕು, ಅವರಿಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗಬಹುದು.

ಆರೋಗ್ಯವಂತರಿಗೆ ಮೇಲ್ಮೇಲಿನ ಗಾಯಕ್ಕೆ ಆಂಟಿಬಯೋಟಿಕ್ ಮಾತ್ರೆ ಬೇಕಿಲ್ಲ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರು ಕೇಳಿಯೇ ಮುಂದುವರಿಯಿರಿ: ಸಿಹಿನೀರಿನ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಹರಡಬಲ್ಲದು. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ, ಗೆರೆ ದಾಟಿದರೆ ಅಂದೇ ಬನ್ನಿ. ವಾರಗಳು ಕಳೆದ ಮೇಲೆ ಅದೇ ಜಾಗದಲ್ಲಿ ಗಂಟೆದ್ದರೆ ಗಾಳದ ವಿಷಯ ಡಾಕ್ಟರಿಗೆ ಹೇಳಿ. ಮೈಕೋಬ್ಯಾಕ್ಟೀರಿಯಂ ಮರೀನಮ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸೋಂಕು ಹಾಗೆ ತಡವಾಗಿ ಏಳುತ್ತದೆ, ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ.

ಪ್ರಶ್ನೆ, ಮಂಡ್ಯ: ಮೇಷ್ಟ್ರೇ, ನೆಟ್ಟುಕೊಳ್ಳದಂತೆ ಏನ್ಮಾಡ್ಬೇಕು? ಕೆಆರ್‌ಎಸ್ ಹಿನ್ನೀರಲ್ಲಿ ಆಷಾಢದ ಗಾಳಿಗೆ ಫ್ಲೈ ನೇರ ಕಿವಿಗೇ ಬರುತ್ತೆ.

ಮೇಷ್ಟ್ರು: ಫ್ಲೈ ಕಟ್ಟುವ ಮೊದಲೇ ಪ್ಲೇಯರ್‌ನಿಂದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಮುಳ್ಳಿನ ನೇರಕ್ಕೆ ಹಿಡಿಯಬೇಕು. ಅಡ್ಡ ಹಿಡಿದರೆ ಮೊನೆಯೇ ಮುರಿಯುತ್ತದೆ. ಹತ್ತಿಯ ಮೇಲೆ ಎಳೆದು ನೋಡಿ, ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ. ಮೀನು ತಪ್ಪಿಸಿಕೊಳ್ಳುತ್ತೆ ಅನ್ನುವವರಿಗೆ: ಲೈನ್ ಸಡಿಲ ಬಿಟ್ಟರೆ ಮಾತ್ರ.

ಗಾಳಿ ಪಡುವಣದಿಂದ. ಬಲಗೈಯವರು ಉತ್ತರಕ್ಕೆ ಮುಖ ಮಾಡಿ ನಿಂತರೆ ಅದು ಎಡದಿಂದ ಬಂದು ಲೈನನ್ನು ಮೈಯಿಂದ ಆಚೆ ತಳ್ಳುತ್ತದೆ. ದಕ್ಷಿಣಕ್ಕೆ ನಿಂತರೆ ಬಲಗಿವಿಗೇ ಬಡಿಯುತ್ತದೆ. ಅಲ್ಲಿಯೇ ನಿಲ್ಲಬೇಕಾದರೆ ರಾಡ್ ತುದಿಯನ್ನು ತಲೆಯ ಮೇಲಿಂದ ಎಡ ಹೆಗಲಿನ ಕಡೆಗೆ ವಾಲಿಸಿ ಎಸೆಯಿರಿ. ಭಾರದ ಫ್ಲೈಯನ್ನು ಅಂಥ ದಿನ ಡಬ್ಬಿಯಲ್ಲೇ ಬಿಡಿ. ಅಂಚಿರುವ ಟೋಪಿ, ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ. ಜೊತೆಗಾರರು ಎರಡು ರಾಡ್ ಉದ್ದದಾಚೆ, ಗಾಳಿ ಬರುವ ಕಡೆಗೆ ನಿಲ್ಲಲಿ.